ಇಪ್ಪತ್ನಾಕ ತಾಸು ಗ್ಯಾಸ್ ಹಚ್ಚಬ್ಯಾಡ್ರಿ

ಪುಣೆ, ದತ್ತವಾಡಿ, ಮೂರನೇ ಮಜಲಾ, ಮುಳೀಕ ಕಾಕಾನ ಖೋಲಿ.
ನಾಕು ಮಂದಿ ನರ್ಸ್ ಹುಡುಗ್ಯಾರು, ಒಂದು ಬಚ್ಚಲ,
ಒಂದು ಗ್ಯಾಸ್ ಗೀಸರ್.
ಪೈಪಿಲ್ಲ.
ಅದರ ನೆತ್ತಿ ಮ್ಯಾಲಿನ ದುಂಡನ ಬಾಯಿ
ಏನೋ ಹೇಳಾಕ ಹೊಂಟು ಮರ್ತವರ್ಹಂಗ
ತೆರದೇ ಐತಿ.

'ಖಿಡಕಿ ಐತೆಲ್ಲೋ ನದಾಫ, ಪೈಪ್ ಯಾಕ?' ಅಂತಾನ ಕಾಕಾ, ಮರಾಠಿಯೊಳಗ.
ಖಿಡಕಿ ಐತಿ, ಖರೆ.
ಅದಕ್ಕ ರಟ್ಟು ಬಡದು, ರಟ್ಟಿನ ಮ್ಯಾಲೆ ಹ್ವಾದ ವರ್ಷದ ಕ್ಯಾಲೆಂಡರ ಹಚ್ಯಾರ.
ಎದರಿನ ಟೆರೇಸಿನ ಮ್ಯಾಲೆ ಸಂಜಿಮುಂದ
ಗಂಡಸ್ರು ಬೀಡಿ ಸೇದ್ಕೋತ ಕುಂದ್ರತಾರ.
ಕಾಕಾಂದೂ ಬರೋಬ್ಬರಿ, ಹುಡುಗ್ಯಾರದೂ ಬರೋಬ್ಬರಿ.
ನನ್ನ ಕೆಲಸ ಗೋಡಿಯೊಳಗ ನಾಕಿಂಚು.

ಡ್ರಿಲ್ ಹಿಡದ್ರ ಇಡೀ ಬಿಲ್ಡಿಂಗ್ ಹಲ್ಲು ಕಡೀತೈತಿ.
ಮೌಲಾ ನೀರ ಹನಿಸ್ತಾನ,
ಇಟ್ಟಂಗಿ ರಾಡಿ ನನ್ನ ಮೊಣಕೈತನಾ ಇಳೀತೈತಿ,
ಕೆಳಗ ಯಾರೋ ಬೈತಾರ, ಮ್ಯಾಲೆ ಯಾರೋ ಟಿವಿ ಸೌಂಡ್ ಏರಸ್ತಾರ.
ಆಮ್ಯಾಲೆ ಗೋಡಿ ಒಮ್ಮಿಗೇ ಬಿಡತೈತಿ.
ದಪ್ಪನ ಭಕ್ರಿಯಂಥ ತುಂಡು ಕೈಯಾಗ, ಇನ್ನೂ ಬಿಸಿ.
ತೂತಿನಾಗ ಪರ್ವತಿ ಗುಡ್ಡದ ಒಂದು ಚೂರು,
ಒಂದು ಪಾರಿವಾಳದ ಕಣ್ಣು.

ಸುದ್ದಿ ಮುಟ್ಟಿತು ಅದಕ್ಕ. ಜಾಳಿಗಿ ಹಾಕದಿದ್ರ
ಹದಿನೈದು ದಿನದಾಗ ಗೂಡು.

ಪೈಪಿನ ಹೊರಗಿನ ತುದಿ ಒಂದು ಬೆರಳ ತಗ್ಗಿರಬೇಕು.
ಮೌಲಾಗ ಹೇಳತೀನಿ: ಶರಣಂದಷ್ಟು ಅಲ್ಲ,
ಕಿಂವಿ ಕೇಳದಾಂವ ಬಾಗತಾನಲ್ಲ, ಅಷ್ಟು.
ಮಳಿ ಒಳಗ ಬರಬಾರ್ದು, ಬೆವರು ಹೊರಗ ಹೋಗಬೇಕು,
ಉಳಿದದ್ದನ್ನ ಒಳಗಿನ ಪಂಖಾ ದಬ್ಬತೈತಿ.
ಒಂದೊಂದು ಕೂಡಿಗೂ ಮೂರು ಸ್ಕ್ರೂ, ಮ್ಯಾಲೆ ಕೆಂಪು ಸಿಲಿಕಾನ್.
ಹೆಬ್ಬೆರಳಿಗೆ ಸಾಬೂನ ನೀರ ಹಚ್ಚಿ
ಸುತ್ತ ಒಂದೇ ಉಸರಿಗೆ ಸವರಬೇಕು.
ನಡುವ ನಿಂತ್ರ ಗಂಟು,
ಗಂಟಿದ್ದಲ್ಲಿ ಸಂದು.

ನಮ್ಮಪ್ಪ ಇಂಡಿಯೊಳಗ ಹತ್ತಿ ಹಿಂಜಾಂವ.
ಅರಳಿ ಹಾರಬಾರ್ದಂತ ಬಾಗಿಲಾ ಹಾಕ್ಕೊಂಡು ಕುಂದ್ರತಿದ್ದ.
ಹೊರಗಿಂದ ಕೇಳತಿದ್ದದ್ದು ಬಿಲ್ಲಿನ ಠಂಯ್ ಠಂಯ್,
ನಡುನಡುವ ಕೆಮ್ಮು.
ಆ ಗೋಡಿಗೂ ನಾಕಿಂಚು ಸಾಕಾಗತಿತ್ತು.
ನನಗಾಗ ಹನ್ನೊಂದು ವರ್ಷ, ಡ್ರಿಲ್ ನೋಡಿರಲಿಲ್ಲ.

ಚೌಗುಲೆ ಸಿಸ್ಟರ್ ರಾತ್ರಿಪಾಳಿ ಮುಗಿಸಿ ಬಂದಳು,
ಚಪ್ಪಲಿ ಬಿಡದ ಬಚ್ಚಲ ಬಾಗಿಲಾಗ ನಿಂತಳು.
ಜತ್ತಿನಾಕಿ. ನಮ್ಮ ಮಾತು ಕೇಳಿ ಕನ್ನಡಕ್ಕ ಹೊಳ್ಳಿದಳು.
'ಕೆಂಪು ಯಾಕ್ರಿ ಇದು?'
'ಕಾವು ತಡೀತೈತ್ರಿ. ಬಿಳೀದು ತಡ್ಯಾಂಗಿಲ್ಲ.'

'ಮೊನ್ನೆ ಒಂದು ಹುಡುಗಿ ಬಂತ್ರಿ, ಹತ್ತೊಂಬತ್ತು ವರ್ಷದ್ದು, ಜಳಕದ ಮನಿಯಿಂದ.
ಅವರವ್ವ ನನ್ನ ಕೈ ಬಿಡವಲ್ಲಳು:
ನೋಡ್ರಿ ಸಿಸ್ಟರ್, ಗಲ್ಲ ಎಷ್ಟ ಕೆಂಪದಾವ,
ಮಲಗ್ಯಾಳ ಅಷ್ಟ.
ಆ ಗಾಳಿಗೆ ವಾಸನಿ ಇಲ್ಲ, ಬಣ್ಣಿಲ್ಲ,
ಬಂದೀನಂತ ಬಾಗಿಲಾ ಬಡ್ಯಾಂಗಿಲ್ಲ.
ಚಲೋ ಗಾಳಿಗಿಂತ ಅದನ್ನ ಗಟ್ಟಿ ಅಪ್ಕೋತೈತಿ ನಮ್ಮ ರಕ್ತ.
ಕ್ಲಾಸಿನಾಗ ಕಲಿಸಿದಾಗ ನಗಿ ಬಂದಿತ್ತು.'

ಮತ್ತೇನೂ ಅನ್ನಲಿಲ್ಲ.
ಸ್ಟೂಲ್ ತಂದು ಏರಿ ಕ್ಯಾಲೆಂಡರ ಹರದಳು,
ನನ್ನ ಕಟರ್ ಇಸ್ಕೊಂಡು
ರಟ್ಟಿನ ಮ್ಯಾಲಿನ ಅರ್ಧ ಕೊಯ್ದಳು.
ಕೆಳಗಿನರ್ಧ ಇರ್ಲಿ ಅಂದಳು, ಬೀಡಿಯವರ ಸಲುವಾಗಿ.

'ಇಪ್ಪತ್ನಾಕ ತಾಸು ಗ್ಯಾಸ್ ಹಚ್ಚಬ್ಯಾಡ್ರಿ ಸಿಸ್ಟರ್.
ಇದು ಒಣಗಬೇಕು. ನಾಳೆ ಬಂದು
ಕೂಡಿದಲ್ಲೆಲ್ಲಾ ಊದಬತ್ತಿ ಹಿಡೀತೀನಿ.
ಹೊಗಿ ನೆಟ್ಟಗ ಎದ್ರ ಪಾಸು.
ಸೊಟ್ಟಾದ್ರ, ಮತ್ತ ಮೊದಲಿಂದ.'
'ನಾಳೆಯ?' ಅಂದಳು. ಹೆಗಲ ಮ್ಯಾಲೆ ಟಾವೆಲ್ಲು,
ಕಣ್ಣಾಗ ಹನ್ನೆರಡು ತಾಸಿನ ವಾರ್ಡು.

ಕಾಕಾ ಎರಡನೂರು ಕಡಿಮಿ ಎಣಿಸಿದ,
ಗೋಡಿ ಕೆಡಿಸಿದ್ದಕ್ಕಂತ.
ಭಕ್ರಿಯಂಥ ಆ ತುಂಡು ಅಂವಗ ಕೊಟ್ಟು ಇಳದ್ವಿ,
ನಿಂದು ನಿನಗ.

ಹಿಂದಿನ ಬೋಳದಾಗ ನಿಚ್ಚಣಿಕಿ ಮಡಚಬೇಕಾದ್ರ
ಮ್ಯಾಲೆ ಪೈಪಿನ ಬಾಯಿಂದ
ಮೊದಲನೇ ತಂಬಿಗಿ ನೀರಿನ ಸಪ್ಪಳ,
ಅದರ ಬೆನ್ನಿಗೇ ಡಿಸೆಂಬರಿನ ತಣ್ಣೀರಿಗೆ
ಜತ್ತಿನ ಕನ್ನಡದಾಗ ಒಂದು ಬೈಗಳ,
ದುಂಡಗ, ಪೂರಾ.

ಮೌಲಾ ನಕ್ಕ.
'ಪೈಪು ಚಾಲೂ ಆತು ನೋಡು ಮಾಮಾ.'